ಆನೆ ದನಿ ಕಲಿಯೋ ಯಂತ್ರಕ್ಕೆ ನಮ್ಮೂರಿನ ಕಿವಿ ಬೇಕು

ಸಂಪಾದಕರಿಗೆ ನಮಸ್ಕಾರ.

ಪ್ರಾಣಿಗಳ ಮಾತನ್ನು ಎಐ ಅರ್ಥ ಮಾಡಿಕೊಳ್ಳುತ್ತದೆ ಅನ್ನೋ ಸುದ್ದಿ ಈಗ ವಾರಕ್ಕೊಂದು ಸಲವಾದರೂ ಕಣ್ಣಿಗೆ ಬೀಳುತ್ತದೆ. ತಿಮಿಂಗಿಲದ ಅಕ್ಷರಮಾಲೆ ಸಿಕ್ಕಿತಂತೆ, ಡಾಲ್ಫಿನ್ ಜೊತೆ ಮಾತಾಡಬಹುದಂತೆ, ಆನೆಗಳು ಒಂದನ್ನೊಂದು ಹೆಸರು ಹಿಡಿದು ಕರೆಯುತ್ತವಂತೆ. ನಾನು ಸಕಲೇಶಪುರ ತಾಲ್ಲೂಕು ಯಸಳೂರು ಕಡೆಯ ಸಣ್ಣ ಕಾಫಿ ಬೆಳೆಗಾರ್ತಿ. ಎಂಟು ಎಕರೆ ತೋಟ, ಒಂದೂವರೆ ಎಕರೆ ಗದ್ದೆ. ಗದ್ದೆ ಪಾಳು ಬಿದ್ದು ವರ್ಷಗಳಾದವು, ಯಾಕೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆನೆ ಸುದ್ದಿ ಅಂದರೆ ಮೊದಲಿಂದ ಕೊನೆವರೆಗೆ ಓದುತ್ತೇನೆ. ಈ ಎಐ ಸುದ್ದಿಗಳನ್ನೂ ಹಾಗೇ ಓದಿದೆ, ಅರ್ಥವಾಗದ್ದನ್ನು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಗಳ ಹತ್ತಿರ ಕೇಳಿ ತಿಳಿದುಕೊಂಡೆ. ಈಗ ಒಂದು ಮಾತು ಹೇಳಲೇಬೇಕು ಅನಿಸಿ ಈ ಪತ್ರ.

ಈ ತಂತ್ರಜ್ಞಾನ ನಮ್ಮೂರಿಗೆ ಬರಲಿ, ಬೇಗ ಬರಲಿ. ಆದರೆ ಬೇರೆಲ್ಲೋ ಕಲಿತ ಯಂತ್ರವನ್ನು ತಂದು ಇಲ್ಲಿನ ಮರಕ್ಕೆ ಕಟ್ಟಿದರೆ ಅದು ಕೆಲಸಕ್ಕೆ ಬರಲ್ಲ. ಅದಕ್ಕೆ ಇಲ್ಲಿನ ಆನೆಗಳ ದನಿಯನ್ನೇ ಕಲಿಸಬೇಕು. ಕಲಿಸಬಲ್ಲವರು ಯಾರು ಅಂದರೆ ನಮ್ಮ ಲೈನ್ ಮನೆಗಳಲ್ಲಿರೋ ತೋಟದ ಕೆಲಸದ ಜನ, ರಾತ್ರಿ ಕಾವಲು ಕಾಯೋ ವಾಚರ್‌ಗಳು, ಆನೆ ಶಿಬಿರಗಳ ಮಾವುತರು, ಕಾವಾಡಿಗಳು. ಅವರನ್ನು ಕರೆದು ಕೂರಿಸಿ, ಕೂಲಿ ಕೊಟ್ಟು, ಅವರ ಕಿವಿಗೆ ಗೊತ್ತಿರೋದನ್ನು ಬರೆದಿಟ್ಟುಕೊಳ್ಳೋ ಕೆಲಸ ಮೊದಲು ಆಗಬೇಕು.

ಯಾಕೆ ಹೀಗೆ ಹೇಳುತ್ತೇನೆ ಅಂದರೆ ನಮ್ಮ ಕಣದಲ್ಲೇ ನಡೆದದ್ದು ಒಂದಿದೆ. ಹೋದ ಜನವರಿ. ರೋಬಸ್ಟಾ ಕುಯ್ಲು ಶುರುವಾಗಿತ್ತು. ಸಂಜೆ ಏಳು ಗಂಟೆ ಇರಬಹುದು, ಇಬ್ಬನಿ ಬೀಳೋ ಮೊದಲು ಕಾಫಿ ಒಟ್ಟು ಮಾಡಿ ಟಾರ್ಪಾಲು ಹೊದಿಸುತ್ತಿದ್ದೆವು. ನಾನು, ನಮ್ಮ ತೋಟದ ಹಳೇ ಮೇಸ್ತ್ರಿ, ಇನ್ನಿಬ್ಬರು ಹೆಂಗಸರು. ಮೇಸ್ತ್ರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಟಾರ್ಪಾಲಿನ ತುದಿ ಹಿಡಿದವರು ಹಾಗೇ ನಿಂತುಬಿಟ್ಟರು. "ಅಮ್ಮಾ, ಸ್ವಲ್ಪ ಸುಮ್ನಿರಿ" ಅಂದರು. ನನಗೆ ಏನೂ ಕೇಳಿಸಲಿಲ್ಲ. ಆಮೇಲೆ ಗಮನಿಸಿದೆ, ಕೆರೆ ಕಡೆಯಿಂದ ಬರುತ್ತಿದ್ದ ಜೀರುಂಡೆ ಸದ್ದು ನಿಂತಿತ್ತು. ನಾಯಿ ಬೊಗಳಲಿಲ್ಲ, ಕಣದಿಂದ ಎದ್ದು ಜಗಲಿ ಮೂಲೆಗೆ ಹೋಗಿ ಮುದುರಿಕೊಂಡಿತು. ಒಂದು ನಿಮಿಷ ಕಳೆದಿರಬೇಕು, ಎದೆಯ ಹತ್ತಿರ ಏನೋ ಸಣ್ಣಗೆ ಅದುರಿದ ಹಾಗಾಯಿತು. ಜಾತ್ರೆಯಲ್ಲಿ ದೂರದ ಬೀದಿಯಲ್ಲಿ ಡೊಳ್ಳು ಬಡಿಯುವಾಗ ಸದ್ದಿಗಿಂತ ಮೊದಲು ಮೈಗೆ ಗೊತ್ತಾಗುತ್ತದಲ್ವಾ, ಹಾಗೆ.

ಮೇಸ್ತ್ರಿ ಮೆಲ್ಲಗೆ ಹೇಳಿದರು: "ಮೂರು ದೊಡ್ಡವು ಇದಾವೆ. ಜೊತೇಲಿ ಮರಿ ಇದೆ, ಮರೀನ ಕರೀತಾ ಇದೆ ತಾಯಿ. ಈ ಕಡೆ ಬರಲ್ಲ ಅಮ್ಮಾ, ಹಳ್ಳ ದಾಟ್ಕೊಂಡು ಬೈನೆ ಮರದ ಕಡೆ ಹೋಗ್ತಾವೆ."

ಬೆಳಿಗ್ಗೆ ಎದ್ದು ಹೋಗಿ ನೋಡಿದರೆ ಹಳ್ಳದ ಆಚೆ ಎರಡು ಬೈನೆ ಮರ ಸೀಳಿ ಮಲಗಿದ್ದವು. ತಿರುಳನ್ನು ಎಳೆದೆಳೆದು ತಿಂದು ನಾರು ಉಗಿದಿದ್ದವು. ಕೆಸರಲ್ಲಿ ಮೊರದಗಲದ ಹೆಜ್ಜೆಗಳು, ಅವುಗಳ ನಡುವೆ ಸಾರಿನ ಬಟ್ಟಲಿನಷ್ಟು ಅಗಲದ ಪುಟ್ಟ ಹೆಜ್ಜೆಗಳು. ಹೇಗೆ ಗೊತ್ತಾಯಿತು ಅಂತ ಕೇಳಿದೆ. "ಹೊಟ್ಟೆ ಗುಡುಗುಡು ಅನ್ನುತ್ತೆ ಅಂತಾರೆ ಎಲ್ರೂ. ಅದು ಹೊಟ್ಟೆ ಅಲ್ಲ, ಗಂಟಲು. ಮರಿ ಕರೆಯೋದು ಒಂಥರ, ಹೊರಡೋಣ ಅಂತ ಹಿಂಡಿಗೆ ಹೇಳೋದು ಒಂಥರ" ಅಂದರು. ಅವರು ಶಾಲೆ ಮೆಟ್ಟಿಲು ಹತ್ತಿದವರಲ್ಲ.

ಆ ಮಾತು ಎಷ್ಟು ದೊಡ್ಡದು ಅಂತ ನನಗೆ ಗೊತ್ತಾದದ್ದು ಆಮೇಲೆ ಓದಿದಾಗ. ಆನೆಯ ಆ ಗುಡುಗು ಹೊಟ್ಟೆ ಸದ್ದು ಅಂತಲೇ ಹಿಂದಿನ ಕಾಲದ ಪ್ರಾಣಿಶಾಸ್ತ್ರದವರೂ ತುಂಬಾ ದಿನ ಅಂದುಕೊಂಡಿದ್ದರು. 1984ರಲ್ಲಿ ಕೇಟಿ ಪೇನ್ ಅನ್ನೋ ಅಮೆರಿಕದ ವಿಜ್ಞಾನಿ ಪೋರ್ಟ್‌ಲ್ಯಾಂಡ್ ಊರಿನ ಮೃಗಾಲಯದಲ್ಲಿ ಆನೆಗಳ ಹತ್ತಿರ ಕೂತಿದ್ದರು. ಆಫ್ರಿಕಾದ ಆನೆಗಳಲ್ಲ, ನಮ್ಮ ಜಾತಿಯ ಏಷ್ಯಾ ಆನೆಗಳು. ಕಿವಿಗೆ ಏನೂ ಕೇಳದೆ ಗಾಳಿಯೇ ಅದುರಿದ ಹಾಗೆ ಅವರಿಗೆ ಅನಿಸಿತು. ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಹಾಡುವಾಗ ಆರ್ಗನ್ ವಾದ್ಯದ ದೊಡ್ಡ ಕೊಳವೆ ಪಕ್ಕ ನಿಂತಾಗ ಮೈಗೆ ಹೀಗೇ ಆಗುತ್ತಿತ್ತು ಅಂತ ನೆನಪಾಯಿತಂತೆ. ರೆಕಾರ್ಡ್ ಮಾಡಿ ಟೇಪನ್ನು ವೇಗವಾಗಿ ಓಡಿಸಿದಾಗ ಆನೆಗಳ ಮಾತುಕತೆ ಕೇಳಿಸಿತು. 1986ರಲ್ಲಿ ಅವರು, ಅವರ ಜೊತೆಯವರು ಇದನ್ನು ಪ್ರಕಟಿಸಿದರು. ಆ ದನಿಗಳು 14ರಿಂದ 24 ಹರ್ಟ್ಜ್ ಆಸುಪಾಸಿನವು. ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಅನ್ನೋ ಲೆಕ್ಕ. ಮನುಷ್ಯರ ಕಿವಿ ಹಿಡಿಯೋದು ಸುಮಾರು 20 ಹರ್ಟ್ಜ್‌ನಿಂದ ಮೇಲೆ. ಅಂದರೆ ಆನೆ ಆಡೋ ಮಾತಿನ ಬುಡ ನಮ್ಮ ಕಿವಿಯ ಹೊಸಿಲಿನ ಕೆಳಗಿದೆ, ಮೇಲಿನ ಒಂದಿಷ್ಟು ಮಾತ್ರ ಹತ್ತಿರ ಇದ್ದವರಿಗೆ ಕೇಳುತ್ತದೆ. ಇಷ್ಟು ತಗ್ಗಿನ ದನಿ ಮರಗಿಡಕ್ಕೆ ಅಷ್ಟಾಗಿ ತಡೆಯಾಗದೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. "ಹೊರಡೋಣ" ಅನ್ನೋ ಗುಡುಗು ಬೇರೆಯೇ ಇದೆ ಅಂತ ಆಫ್ರಿಕಾದಲ್ಲಿ ವರ್ಷಗಟ್ಟಲೆ ಆನೆಗಳ ಹಿಂದೆ ಓಡಾಡಿದ ವಿಜ್ಞಾನಿಗಳೂ ಹೇಳುತ್ತಾರೆ, ಹೆಚ್ಚೂಕಮ್ಮಿ ಅದೇ ಹೆಸರಿಟ್ಟು. ನಮ್ಮ ಮೇಸ್ತ್ರಿ ಟಾರ್ಪಾಲು ಹಿಡಿದುಕೊಂಡು ಹೇಳಿದ್ದೂ ಅದನ್ನೇ.

ಆ ರಾತ್ರಿ ನಾನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. ಮಾರನೇ ದಿನ ಹಾಕಿ ಕೇಳಿದರೆ ನಮ್ಮ ಉಸಿರಿನ ಸದ್ದು, ಟಾರ್ಪಾಲಿನ ಪರಪರ, ಇನ್ನೇನಿಲ್ಲ. ವಾರದ ಕೊನೆಗೆ ಮಗಳು ಬಂದಾಗ ಅದನ್ನು ಲ್ಯಾಪ್‌ಟಾಪಿಗೆ ಹಾಕಿ ದನಿಯನ್ನು ಚಿತ್ರ ಮಾಡಿ ತೋರಿಸಿದಳು. ಎಡದಿಂದ ಬಲಕ್ಕೆ ಸಮಯ, ಕೆಳಗಿಂದ ಮೇಲಕ್ಕೆ ದನಿಯ ಏರು, ಜೋರಾಗಿದ್ದ ಕಡೆ ಬಣ್ಣ ಗಟ್ಟಿ. ನೋಡುತ್ತಾ ಹೋದ ಹಾಗೆ ಒಂದು ಕಡೆ ತೆಳುವಾದ ಮೂರು ಗೆರೆ ಕಂಡವು, ಒಂದರ ಮೇಲೊಂದು, ಸ್ವಲ್ಪ ಬಾಗಿ ಇಳಿಯುತ್ತಾ. ಕಣದಲ್ಲಿ ಕಾಫಿ ಕೈಯಾಡಿಸಿದಾಗ ಬೀಳೋ ಸಾಲುಗಳ ಹಾಗೆ. ಆನೆ ಅಲ್ಲಿ ಸಿಕ್ಕಿತ್ತು! ಆದರೆ ಎಲ್ಲಕ್ಕಿಂತ ಕೆಳಗೆ ಇರಬೇಕಾದ ದಪ್ಪ ಗೆರೆ ಮಾತ್ರ ಇರಲೇ ಇಲ್ಲ. ಫೋನು ಮಾಡಿರೋದು ನಮ್ಮ ಮಾತಿಗೆ, ಅಷ್ಟು ಕೆಳಗಿನ ದನಿ ಅದಕ್ಕೆ ಬೇಡ, ಅದು ಬಿಟ್ಟುಬಿಡುತ್ತದೆ ಅಂದಳು. ಆನೆ ದನಿಗೆ ಅಂತಲೇ ಬೇರೆ ಮೈಕ್ ಇರೋ ರೆಕಾರ್ಡರ್ ಬೇಕು.

ಎಐ ಮಾಡೋ ಕೆಲಸವೂ ಈ ಚಿತ್ರ ನೋಡೋದೇ. ದನಿಯನ್ನು ಹೀಗೆ ಚಿತ್ರ ಮಾಡಿ ಸಾವಿರಾರು ಚಿತ್ರಗಳನ್ನು ಅದಕ್ಕೆ ಕೊಡುತ್ತಾರೆ. ಇದು ಆನೆ, ಇದು ಮಳೆಯ ಗುಡುಗು, ಇದು ಲಾರಿ ಅಂತ ಒಂದೊಂದಕ್ಕೂ ಚೀಟಿ ಅಂಟಿಸಿ ಕೊಡುತ್ತಾರೆ. ಅದು ನೋಡಿ ನೋಡಿ ವ್ಯತ್ಯಾಸ ಕಲಿತುಕೊಳ್ಳುತ್ತದೆ. ಆಮೇಲೆ ತಿಂಗಳುಗಟ್ಟಲೆ ರೆಕಾರ್ಡನ್ನು ಅದರ ಮುಂದೆ ಸುರಿದರೆ ಆನೆ ಇದ್ದ ಜಾಗ ಹೆಕ್ಕಿ ಕೊಡುತ್ತದೆ. ಮನುಷ್ಯರು ಕೂತು ಕೇಳಿದರೆ ಆ ಕೆಲಸಕ್ಕೆ ವರ್ಷಗಳು ಹಿಡಿಯುತ್ತವೆ, ಹಾಗಾಗಿ ಇದು ಸಣ್ಣ ಉಪಕಾರವಲ್ಲ. ಆದರೆ ಆ ಚೀಟಿ ಅಂಟಿಸೋರು ಯಾರು? ಇಡೀ ವಿಷಯ ನಿಂತಿರೋದೇ ಅಲ್ಲಿ.

ಆನೆಗಳು ಹೆಸರು ಹಿಡಿದು ಕರೆಯುತ್ತವೆ ಅನ್ನೋ ಸುದ್ದಿಯನ್ನೇ ತೆಗೆದುಕೊಳ್ಳಿ. 2024ರಲ್ಲಿ ಬಂದ ಅಧ್ಯಯನ ಅದು, ಕೀನ್ಯಾದ ಅಂಬೊಸೆಲಿ ಮತ್ತು ಸಂಬೂರು ಕಡೆಯ ಕಾಡಾನೆಗಳದ್ದು. 469 ಗುಡುಗುಗಳನ್ನು ಯಂತ್ರಕ್ಕೆ ಕೊಟ್ಟು, ಈ ಕರೆ ಯಾವ ಆನೆಗೆ ಅಂತ ಊಹಿಸು ಅಂದರು. ಅದು 27.5 ಶೇಕಡಾ ಸರಿ ಹೇಳಿತು. ಸುಮ್ನೆ ಊಹಿಸಿದ್ದರೆ 8 ಶೇಕಡಾ ಬರುತ್ತಿತ್ತು. ಆಮೇಲೆ 17 ಆನೆಗಳಿಗೆ ಕರೆಗಳನ್ನು ಸ್ಪೀಕರಿನಲ್ಲಿ ಕೇಳಿಸಿದಾಗ, ತನ್ನನ್ನೇ ಕರೆದ ದನಿ ಕೇಳಿದ ಆನೆ ಬೇಗ ಹತ್ತಿರ ಬಂತು, ಉತ್ತರ ಕೊಟ್ಟಿತು. ನಿಜಕ್ಕೂ ದೊಡ್ಡ ಸಂಗತಿ ಇದು, ಓದಿ ಮೈ ಜುಮ್ಮೆಂದಿತು. ಆದರೂ ನಾಲ್ಕರಲ್ಲಿ ಒಂದು ಸರಿ ಅನ್ನೋದನ್ನು "ಆನೆ ಭಾಷೆ ಅರ್ಥವಾಯಿತು" ಅಂತ ತಲೆಬರಹ ಹಾಕಿದರೆ ಹೇಗೆ? ಯಾವ ಸದ್ದು ಹೆಸರು ಅಂತ ಬಿಡಿಸಿ ತೆಗೆಯೋದು ಅವರಿಗೇ ಇನ್ನೂ ಆಗಿಲ್ಲ. ಪತ್ರಿಕೆಯವರು ಇದನ್ನು ಸ್ವಲ್ಪ ತಾಳ್ಮೆಯಿಂದ ಬರೆಯಬೇಕು ಅಂತ ನನ್ನ ಕೋರಿಕೆ.

ಅದಕ್ಕಿಂತ ಮುಖ್ಯ ಅಂತ ನನಗೆ ಕಂಡದ್ದು ಇನ್ನೊಂದಿದೆ. ಆ 469 ಗುಡುಗುಗಳು 1986ರಿಂದ 2022ರವರೆಗೆ ಕೂಡಿಟ್ಟವು. ಯಾವ ಆನೆ ಕರೆಯಿತು, ಯಾವುದನ್ನು ಕರೆಯಿತು, ಆಗ ಏನು ಮಾಡುತ್ತಿತ್ತು ಅಂತ ಪಕ್ಕದಲ್ಲೇ ಇದ್ದವರು ಬರೆದುಕೊಂಡಿದ್ದರು. ಅಂಬೊಸೆಲಿಯಲ್ಲಿ 1972ರಿಂದ ಒಂದೊಂದು ಆನೆಯನ್ನೂ ಕಿವಿಯ ಅಂಚು ನೋಡಿ, ದಂತ ನೋಡಿ ಗುರುತಿಟ್ಟು, ಅದರ ತಾಯಿ ಯಾರು, ಮರಿ ಯಾವುದು ಅಂತ ಬರೆಯುತ್ತಾ ಬಂದಿದ್ದಾರೆ. ಯಂತ್ರ ಲೆಕ್ಕ ಮಾಡಿದ್ದು ಕೊನೆಗೆ. ತಿಮಿಂಗಿಲದ ವಿಷಯವೂ ಹಾಗೇ. ಡೊಮಿನಿಕಾ ದ್ವೀಪದ ಸಮುದ್ರದಲ್ಲಿ 2005ರಿಂದ ತಿಮಿಂಗಿಲ ಕುಟುಂಬಗಳ ಬೆನ್ನು ಹತ್ತಿದವರು ಇದ್ದದ್ದರಿಂದಲೇ ಸುಮಾರು 8,700 ಟಕಟಕ ದನಿ ಗುಂಪುಗಳು ಕೈಗೆ ಸಿಕ್ಕಿ, ಎಐ ಅದರೊಳಗಿನ ತಾಳ, ಲಯ ಬಿಡಿಸಿ ತೋರಿಸಿತು. ನನ್ನ ಫೋನಲ್ಲಿರೋ ಮರ್ಲಿನ್ ಆಪ್ ಕುಟ್ರು ಹಕ್ಕಿ ಕೂಗಿದ ತಕ್ಷಣ ಹೆಸರು ಹೇಳುತ್ತದೆ. ಅದರ ಹಿಂದೆಯೂ ಊರೂರು ಸುತ್ತಿ ದನಿ ಹಿಡಿದು, ಇದು ಇಂಥ ಹಕ್ಕಿ ಅಂತ ಬರೆದು ಕಳಿಸಿದ ಸಾವಿರಾರು ಜನ ಇದ್ದಾರೆ.

ನಮ್ಮಲ್ಲಿ ಅಂಥ ಜನ ಇಲ್ವಾ? ಇದ್ದಾರೆ. ಬಿಕ್ಕೋಡು, ಅರೇಹಳ್ಳಿ, ಆಲೂರು, ಹೆತ್ತೂರು, ಆ ಕಡೆ ಮೂಡಿಗೆರೆ, ಎಲ್ಲಿ ಹೋದರೂ ಆನೆಗಳಿಗೆ ಊರವರು ಇಟ್ಟ ಹೆಸರಿದೆ. ಭೀಮ ಅಂದರೆ ನಮ್ಮ ತಾಲ್ಲೂಕಿನ ಮಕ್ಕಳಿಗೂ ಗೊತ್ತು. ಯಾವ ಹೆಣ್ಣಾನೆ ಹಿಂಡು ನಡೆಸುತ್ತದೆ, ಯಾವುದಕ್ಕೆ ಈ ಮಳೆಗಾಲದಲ್ಲಿ ಮರಿಯಾಯಿತು, ಯಾವ ಸಲಗ ಪಟಾಕಿಗೆ ಜಗ್ಗಲ್ಲ, ಎಲ್ಲ ಬಾಯಲ್ಲಿದೆ. ಇದರಲ್ಲಿ ಎಷ್ಟನ್ನು ಯಾರು ಬರೆದುಕೊಂಡಿದ್ದಾರೋ ನನಗೆ ಗೊತ್ತಿಲ್ಲ. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳು ಅಂತ ಲೆಕ್ಕ ಸಿಕ್ಕಿತು, ದೇಶದಲ್ಲೇ ನಾವು ಮೊದಲು. ಅಷ್ಟು ಆನೆಗಳ ಜೊತೆ ಬದುಕೋ ಜನರ ಕಿವಿ ಎಷ್ಟು ಪಳಗಿರಬೇಕು ಯೋಚನೆ ಮಾಡಿ.

ಹೊರಗಿಂದ ತಂದ ಯಂತ್ರ ಇಲ್ಲಿ ಯಾಕೆ ಸೋಲುತ್ತದೆ ಅನ್ನೋದನ್ನೂ ಹೇಳಬೇಕು. ಆಫ್ರಿಕಾದ ಕಾಂಗೋ ದೇಶದ ನುವಾಬಲೆ ಎಂಡೋಕಿ ಕಾಡಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು 50 ರೆಕಾರ್ಡರ್‌ಗಳನ್ನು ಮರಗಳ ಮೇಲೆ, ಆನೆ ಸೊಂಡಿಲಿಗೆ ಸಿಗದಷ್ಟು ಎತ್ತರದಲ್ಲಿ ಕಟ್ಟಿದರು. ಆ ರೆಕಾರ್ಡಿನಿಂದ ಎಐ ಆನೆಯ ಗುಡುಗನ್ನೂ ಬೇಟೆಗಾರರ ಬಂದೂಕಿನ ಸದ್ದನ್ನೂ ಹುಡುಕಿ ಕೊಡುತ್ತದೆ. ತುಂಬಾ ಒಳ್ಳೇ ಕೆಲಸ. ಆದರೆ ಅದು ದಟ್ಟ ಕಾಡು. ನಮ್ಮದು ತೋಟ, ಊರು, ರಸ್ತೆ ಎಲ್ಲ ಬೆರೆತ ಜಾಗ. ಫೆಬ್ರವರಿ, ಮಾರ್ಚ್ ಬಂದರೆ ರೋಬಸ್ಟಾಕ್ಕೆ ಹೂವಿನ ನೀರು ಕೊಡಬೇಕು. ರಾತ್ರಿಯಿಡೀ ಕೆರೆ ದಂಡೆಯಲ್ಲಿ ಡೀಸೆಲ್ ಪಂಪು ಡುಗುಡುಗು ಅನ್ನುತ್ತಿರುತ್ತದೆ. ಆ ಸದ್ದೂ ತಗ್ಗಿನದೇ. ಕುಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್, ಕರೆಂಟ್ ಹೋದರೆ ಜನರೇಟರ್. ಶಿರಾಡಿ ಘಾಟಿ ಹತ್ತೋ ಲಾರಿಗಳ ಗುರ್ ಗುರ್, ಘಾಟಿ ರೈಲಿನ ಗೂಡ್ಸ್ ಗಾಡಿ, ಏಪ್ರಿಲ್ ಮೇ ತಿಂಗಳಲ್ಲಿ ಸಂಜೆ ಸಂಜೆಗೂ ಗುಡುಗು. ಇದನ್ನೆಲ್ಲ ಕೇಳದ ಯಂತ್ರ ಮೊದಲ ವಾರವೇ ಪಂಪಿನ ಸದ್ದಿಗೆ ಆನೆ ಬಂತು ಅಂತ ಕೂಗಿಕೊಳ್ಳುತ್ತದೆ. ನಾಲ್ಕು ಸಲ ಸುಳ್ಳು ಸೈರನ್ ಆದರೆ ಐದನೇ ಸಲ ಯಾರೂ ಕಿವಿ ಕೊಡಲ್ಲ. ಆ ಐದನೇ ಸಲವೇ ನಿಜ ಇರಬಹುದು.

ಈ ಮಾತು ನಾನು ಸುಮ್ನೆ ಬರೆಯುತ್ತಿಲ್ಲ. ನಮ್ಮ ಪಕ್ಕದ ತೋಟಕ್ಕೆ ಕೆಲಸಕ್ಕೆ ಹೋಗುತ್ತಿದ್ದ ಒಬ್ಬ ಹೆಂಗಸು ಮಂಜು ಕವಿದ ಬೆಳಿಗ್ಗೆ ಏಳೂವರೆಗೆ ದಾರಿಯಲ್ಲೇ ಆನೆಗೆ ಬಲಿಯಾದರು. ಹಿಂದಿನ ದಿನ ನಮ್ಮ ಮನೆಗೆ ಬಂದು ಕರಿಬೇವು ಕೇಳಿ ತೆಗೆದುಕೊಂಡು ಹೋಗಿದ್ದರು. ಅವರ ಊಟದ ಬುತ್ತಿ ಬೇಲಿ ಪಕ್ಕ ಬಿದ್ದಿತ್ತು, ಮುಚ್ಚಳ ಹಾಕಿದ್ದು ಹಾಗೇ ಇತ್ತು. ಅದು ಒಂಟಿ ಸಲಗ, ದಾರಿ ಪಕ್ಕ ಗಿಡದ ಮರೆಯಲ್ಲಿ ಸದ್ದಿಲ್ಲದೆ ನಿಂತಿತ್ತು ಅಂದರು. ಇಲ್ಲೇ ಇನ್ನೊಂದು ಸತ್ಯ ಒಪ್ಪಿಕೊಳ್ಳಬೇಕು. ಮಾತಾಡದ ಆನೆಯನ್ನು ಯಾವ ಮೈಕೂ ಹಿಡಿಯಲ್ಲ. ಹಿಂಡಿನಲ್ಲಿ ತಾಯಿ, ಮರಿ, ಅಕ್ಕ, ಚಿಕ್ಕಮ್ಮ ಎಲ್ಲ ಇರುವಾಗ ಮಾತು ಜಾಸ್ತಿ. ಒಂಟಿ ಗಂಡಾನೆ ಸುಮ್ನೆ ನಿಂತರೆ ಸುಮ್ನೆ. ಹಾಗಾಗಿ ದನಿ ಒಂದನ್ನೇ ನಂಬಿ ಕೂರಬಾರದು. ಕೊಯಮತ್ತೂರು ಹತ್ತಿರದ ಮದುಕ್ಕರೈಯಲ್ಲಿ 2024ರಿಂದ ರೈಲು ಹಳಿ ಪಕ್ಕ ಶಾಖ ನೋಡೋ ಕ್ಯಾಮೆರಾ ಇಟ್ಟು ಎಐನಿಂದ ಆನೆ ಪತ್ತೆ ಮಾಡುತ್ತಾರೆ. ಈಶಾನ್ಯದ ರೈಲು ಮಾರ್ಗಗಳಲ್ಲಿ ಹಳಿ ಪಕ್ಕದ ಆಪ್ಟಿಕಲ್ ಫೈಬರ್ ಕೇಬಲ್ಲೇ ಆನೆ ಹೆಜ್ಜೆಯ ಅದುರು ಹಿಡಿಯುತ್ತದೆ. ಇಂಥದ್ದೆಲ್ಲ ಸೇರಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ.

ಹಾಗಾದರೆ ದನಿ ಯಾಕೆ ಬೇಕು ಅಂತ ಕೇಳಬಹುದು. ಆನೆಯ ಮೈ ಮುಟ್ಟಬೇಕಾಗಿಲ್ಲ, ಅದಕ್ಕೆ. ರೇಡಿಯೋ ಕಾಲರ್, ಅಂದರೆ ಆನೆ ಎಲ್ಲಿದೆ ಅಂತ ತಿಳಿಸೋ ಕೊರಳಪಟ್ಟಿ, ತುಂಬಾ ಉಪಯೋಗದ್ದು, ಆದರೆ ಅದನ್ನು ಹಾಕೋದಕ್ಕೆ ಆನೆಯನ್ನು ಹುಡುಕಿ, ಮದ್ದು ಹೊಡೆದು, ಪಳಗಿದ ಆನೆಗಳನ್ನು ಮುಂದೆ ಬಿಟ್ಟು ಜೀವ ಪಣಕ್ಕಿಡಬೇಕು. 2023ರ ಡಿಸೆಂಬರ್ 4ನೇ ತಾರೀಕು ನಮ್ಮ ಯಸಳೂರು ವಲಯದಲ್ಲೇ, ಕಾಡಾನೆ ಕಾರ್ಯಾಚರಣೆಯಲ್ಲಿ ಅರ್ಜುನ ಸತ್ತ. ಎಂಟು ಸಲ ದಸರಾ ಅಂಬಾರಿ ಹೊತ್ತ ಆನೆ. ಆ ಸಂಜೆ ನಮ್ಮೂರಲ್ಲಿ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚಲು ಮನಸ್ಸು ಬರಲಿಲ್ಲ. ಮರಕ್ಕೆ ಕಟ್ಟಿದ ಒಂದು ಪೆಟ್ಟಿಗೆ ಯಾರ ಜೀವಕ್ಕೂ ಕುತ್ತು ತರದೆ ರಾತ್ರಿಯೆಲ್ಲ ಕೇಳಿಸಿಕೊಳ್ಳುತ್ತದೆ ಅಂದರೆ ಅದನ್ನು ಬಿಡಬಾರದು.

ಮತ್ತೆ, ಈಗ ಕಾಲರ್ ಇರೋ ಆನೆಗಳಿಂದಲೇ ಶುರು ಮಾಡಬಹುದು. ಕಾಲರ್ ಇರೋ ಹೆಣ್ಣಾನೆ ಎಷ್ಟು ಹೊತ್ತಿಗೆ ಎಲ್ಲಿತ್ತು ಅಂತ ಅರಣ್ಯ ಇಲಾಖೆಗೆ ಗೊತ್ತಿರುತ್ತದೆ. ಅದೇ ಹೊತ್ತಿನ ರೆಕಾರ್ಡಿನಲ್ಲಿ ಆ ಕಡೆಯಿಂದ ಬಂದ ಗುಡುಗು ತೆಗೆದರೆ ಅದು ಆ ಹಿಂಡಿನದು ಅಂತ ಹೇಳಲು ಆಧಾರ ಸಿಗುತ್ತದೆ. ಅದರ ಮೇಲೆ ಆ ಹಿಂಡನ್ನು ದಿನಾ ಹಿಂಬಾಲಿಸೋ ಸಿಬ್ಬಂದಿಯನ್ನು, ಆ ತೋಟದ ವಾಚರನ್ನು ಕೂರಿಸಿ, ಆವತ್ತು ಏನಾಯಿತು, ಮರಿ ಹಿಂದೆ ಬಿದ್ದಿತ್ತಾ, ಪಟಾಕಿ ಹೊಡೆದಿದ್ದರಾ, ರಸ್ತೆ ದಾಟುವಾಗ ಬಸ್ಸು ಬಂತಾ ಅಂತ ಕೇಳಿ ಬರೆಯಬೇಕು. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಕೊನೇ ವರ್ಷದ ಮಕ್ಕಳು ಪ್ರಾಜೆಕ್ಟಿಗೆ ಅಂತ ಎಲ್ಲಿಂದಲೋ ಇಳಿಸಿಕೊಂಡ ಮಾಹಿತಿ ಮೇಲೆ ಕೆಲಸ ಮಾಡುತ್ತಾರೆ. ಅವರು ಒಂದು ತಿಂಗಳು ಇಲ್ಲಿ ಬಂದು ಇರಲಿ. ದುಬಾರೆ, ಮತ್ತಿಗೋಡು, ಸಕ್ರೆಬೈಲಿನ ಮಾವುತರ ಹತ್ತಿರ ಕೂತು ಕೇಳಲಿ, ಆನೆ ಹೊಟ್ಟೆ ಹಸಿದಾಗ ಏನು ಅನ್ನುತ್ತದೆ, ಜೊತೆಯವನನ್ನು ಲಾರಿ ಹತ್ತಿಸಿದಾಗ ಏನು ಅನ್ನುತ್ತದೆ ಅಂತ. ಕೇಳಿಸಿಕೊಂಡದ್ದಕ್ಕೆ ಕೂಲಿ ಕೊಡಲಿ. ಒಂದು ದಿನದ ಕುಯ್ಲು ಬಿಟ್ಟು ಬಂದು ಕೂರೋ ಹೆಂಗಸಿಗೆ ಆ ದಿನದ ದುಡ್ಡು ಸಿಗಬೇಕಲ್ವಾ? ಅವರ ತಿಳಿವಳಿಕೆ ಇಲ್ಲದೆ ಯಂತ್ರಕ್ಕೆ ಏನೂ ತಿಳಿಯಲ್ಲ, ಆದರೆ ಇಂಥ ಯೋಜನೆಗಳಲ್ಲಿ ಅವರು ದಾರಿ ತೋರಿಸೋರು, ಚೀಲ ಹೊರೋರು ಮಾತ್ರ ಆಗಿಬಿಡುತ್ತಾರೆ ಅನ್ನೋದು ನನ್ನ ಭಯ.

ಇನ್ನೊಂದು ವಿಷಯ ನಮ್ಮ ತೋಟದ ಹೆಂಗಸರೇ ಎತ್ತಿದ್ದು, ನನಗೆ ಹೊಳೆದಿರಲಿಲ್ಲ. ಮಗಳು ರೆಕಾರ್ಡರ್ ಬಗ್ಗೆ ಹೇಳುತ್ತಿದ್ದಾಗ ಒಬ್ಬರು ಕೇಳಿದರು, "ನಾವು ಆಡೋ ಮಾತೂ ಅದರಲ್ಲಿ ಬರುತ್ತಾ ಅಮ್ಮಾ?" ಬರುತ್ತದೆ. ಲೈನ್ ಮನೆ ಹತ್ತಿರ ಕಟ್ಟಿದರೆ ಗಂಡಹೆಂಡತಿ ಜಗಳ, ಕೂಲಿ ಬಗ್ಗೆ ಮಾತು, ಯಾರೋ ಅತ್ತದ್ದು, ಎಲ್ಲ. ಧಣಿಗಳ ಬಗ್ಗೆ ಅವರು ಏನು ಮಾತಾಡುತ್ತಾರೆ ಅಂತ ಧಣಿಗಳ ಕೈಗೆ ಸಿಗಬಾರದು. ನಾನೂ ಒಬ್ಬ ಧಣಿಯೇ, ಹಾಗಾಗಿ ಇದನ್ನು ನಾನೇ ಹೇಳಬೇಕು. ಇದಕ್ಕೆ ದಾರಿ ಇದೆ ಅಂತ ಮಗಳು ಹೇಳುತ್ತಾಳೆ. ಆನೆಯ ಗುಡುಗು ಮನುಷ್ಯರ ಮಾತಿಗಿಂತ ಕೆಳಗಿನ ಮಟ್ಟದ್ದು, ಆದ್ದರಿಂದ ಒಂದು ಮಟ್ಟಕ್ಕಿಂತ ಮೇಲಿನ ದನಿಯನ್ನೆಲ್ಲ ರೆಕಾರ್ಡರಿನಲ್ಲೇ ಕತ್ತರಿಸಿಬಿಟ್ಟರೆ ಮಾತು ಏನು ಅಂತ ಯಾರಿಗೂ ತಿಳಿಯಲ್ಲ. ಹಾಗೆ ಮಾಡಿದರೆ ಆನೆ ಘೀಳಿಡೋದು, ಮರ ಮುರಿಯೋ ಸದ್ದು ಕೂಡ ಹೋಗುತ್ತದೆ, ನಿಜ. ಮನೆಗಳ ಹತ್ತಿರ ಹೀಗೆ ಕತ್ತರಿಸಿ, ಕಾಡಂಚಿನಲ್ಲಿ ಪೂರ್ತಿ ಇಟ್ಟುಕೊಳ್ಳಲಿ. ಅಲ್ಲಿ ಇರೋರನ್ನು ಕೇಳಿ, ಅವರು ಒಪ್ಪಿದ ಮೇಲೆ ಕಟ್ಟಲಿ.

ರೆಕಾರ್ಡುಗಳು ಎಲ್ಲಿ ಇರಬೇಕು ಅನ್ನೋದೂ ಮೊದಲೇ ತೀರ್ಮಾನವಾಗಲಿ. ಯಾವುದೋ ಕಂಪನಿ ಬಂದು ನಮ್ಮ ಆನೆಗಳ ದನಿ ತೆಗೆದುಕೊಂಡು ಹೋಗಿ, ಎರಡು ವರ್ಷ ಬಿಟ್ಟು ನಮ್ಮ ಪಂಚಾಯ್ತಿಗೇ ದುಬಾರಿ ಬೆಲೆಗೆ ಯಂತ್ರ ಮಾರೋ ಹಾಗಾಗಬಾರದು. ಇಲಾಖೆಯ ಹತ್ತಿರ, ಇಲ್ಲಾ ಒಂದು ವಿಶ್ವವಿದ್ಯಾಲಯದ ಹತ್ತಿರ ಇರಲಿ, ಸಂಶೋಧನೆ ಮಾಡೋರಿಗೆ ಸಿಗಲಿ. ಆದರೆ ಆನೆ ಈ ಕ್ಷಣ ಎಲ್ಲಿದೆ ಅನ್ನೋದು ಮಾತ್ರ ಎಲ್ಲರ ಕೈಗೂ ಬೇಡ. ದಂತಕ್ಕೆ ಬಾಯಿ ಬಿಡೋರು ಇನ್ನೂ ಇದ್ದಾರೆ. ಆನೆ ಕರೆಯನ್ನು ಸ್ಪೀಕರಿನಲ್ಲಿ ಹಾಕಿ ಹಿಂಡನ್ನು ಆಟ ಆಡಿಸೋಕೆ ಹೊರಡೋ ಹುಡುಗರೂ ಇದ್ದಾರೆ. ಮರಿ ಕೂಗಿದ ದನಿ ಕೇಳಿ ತಾಯಾನೆ ನುಗ್ಗಿ ಬಂದರೆ ಯಾರು ಹೊಣೆ? ಆ ದನಿಗಳನ್ನು ಹಾಗೆ ಬಳಸೋದನ್ನು ನಿಲ್ಲಿಸಲೇಬೇಕು.

ಎಚ್ಚರಿಕೆ ಕೊಡೋ ಕೊನೇ ಗುಂಡಿ ಮನುಷ್ಯರ ಕೈಯಲ್ಲಿರಲಿ. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ಆನೆ ಹತ್ತಿರ ಇದ್ದರೆ ಕೆಂಪು ದೀಪ ಉರಿಯುತ್ತದೆ, ಅದನ್ನು ಅಲ್ಲಿನ ಜನರೇ ಫೋನಿನಿಂದ ಹಚ್ಚುತ್ತಾರೆ. ಕತ್ತಲಲ್ಲಿ ಬಸ್ ಇಳಿದು ಮನೆಗೆ ಹೋಗೋರು ದೀಪ ನೋಡಿ ನಿಲ್ಲುತ್ತಾರೆ. ನಮ್ಮಲ್ಲೂ ಇಲಾಖೆಯ ಆನೆ ಕಾರ್ಯಪಡೆಯವರು ವಾಟ್ಸಾಪಿನಲ್ಲಿ, ಜೀಪಿನ ಮೈಕಿನಲ್ಲಿ ಹೇಳುತ್ತಾರೆ. ಚಳಿಯಲ್ಲಿ ರಾತ್ರಿಯಿಡೀ ತಿರುಗೋ ಆ ಹುಡುಗರ ಕಷ್ಟ ನಾನು ನೋಡಿದ್ದೇನೆ, ಅವರ ಬಗ್ಗೆ ನನಗೆ ಗೌರವವೇ ಇದೆ. ಎಐ ಅವರಿಗೆ ಮೊದಲು ಹೇಳಲಿ, ಇಂಥ ಹಳ್ಳದ ಕಡೆ ಹತ್ತು ನಿಮಿಷದಿಂದ ಗುಡುಗು ಕೇಳುತ್ತಿದೆ ಅಂತ. ಅವರು, ಅಲ್ಲಿನ ವಾಚರ್ ಸೇರಿ ನೋಡಿ ಸಂದೇಶ ಕಳಿಸಲಿ. ಆ ಸಂದೇಶ ಕನ್ನಡದಲ್ಲಿ, ದನಿಯಲ್ಲೂ ಬರಲಿ, ಓದು ಬರದವರೇ ಮೊದಲು ತೋಟಕ್ಕೆ ಕಾಲಿಡೋದು. ಕುಯ್ಲಿಗೆ ಅಸ್ಸಾಂ ಕಡೆಯಿಂದ ಬಂದವರಿಗೆ ಅವರ ಮಾತಲ್ಲೂ ಬರಲಿ.

ನಮ್ಮ ತೋಟದಲ್ಲಿ ರೆಕಾರ್ಡರ್ ಕಟ್ಟಲು ಯಾರು ಬಂದರೂ ಬಾಗಿಲು ತೆರೆದಿದೆ, ಊಟ ವಸತಿ ನಮ್ಮದು. ಮೇಸ್ತ್ರಿಗೆ ಈಚೆಗೆ ಎಡಗಿವಿ ಸ್ವಲ್ಪ ಮಂದವಾಗಿದೆ. ಕಣದ ಕೆಲಸಕ್ಕೆ ಬರುವಾಗ ಬಲಗಡೆ ತಿರುಗಿ ನಿಂತು ಮಾತು ಕೇಳುತ್ತಾರೆ. ಪೆಟ್ಟಿಗೆ ಕಟ್ಟೋದಾದರೆ ಯಾವ ಮರ ಅಂತ ಹೋದ ಭಾನುವಾರ ಕರೆದುಕೊಂಡು ಹೋಗಿ ತೋರಿಸಿದರು. ಕೆರೆ ಏರಿಯ ತುದಿಯ ನೇರಳೆ ಮರ, ಎರಡನೇ ಕವಲಿನ ಮೇಲೆ. ಅದರ ಕೆಳಗಿನ ಕವಲಾದರೆ ಸೊಂಡಿಲು ತಾಗುತ್ತದಂತೆ.

ಇಂತಿ,
ಒಬ್ಬ ಕಾಫಿ ಬೆಳೆಗಾರ್ತಿ
ಯಸಳೂರು ಹೋಬಳಿ, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ